ದಾನ ಕೇಳುವ ಮುನ್ನ ದಾನಿಯನ್ನು ಅರಿಯೋಣ

ಮಾನ್ಯ ಸಂಪಾದಕರೇ,

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳು ಬೆಳೆದಂತೆಲ್ಲ ಇಲ್ಲಿನ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು), ಅನಾಥಾಶ್ರಮಗಳು, ಸಣ್ಣ ಟ್ರಸ್ಟ್‌ಗಳು ಒಂದೇ ಮನವಿ ಪತ್ರವನ್ನು ಜೆರಾಕ್ಸ್ ಮಾಡಿಸಿ ಕಂಡ ಕಾರ್ಖಾನೆಗಳ ಗೇಟಿಗೆಲ್ಲ ಕೊಟ್ಟು ಬರುವುದು ರೂಢಿಯಾಗಿದೆ. ಉತ್ತರ ಬಾರದಿದ್ದಾಗ ಕಂಪನಿಗಳನ್ನು ದೂರುತ್ತೇವೆ. ಯಾರು ಯಾವ ಕೆಲಸಕ್ಕೆ ಕೊಡುತ್ತಾರೆ ಎಂಬುದನ್ನು ಮೊದಲು ತಿಳಿದುಕೊಂಡು ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ವಿನಿಯೋಗಿಸಬೇಕು. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ಈ ಲೆಕ್ಕ ಗುಟ್ಟಿನದಲ್ಲ. ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್ ಜಾಲತಾಣದಲ್ಲಿ ಕಂಪನಿವಾರು ವೆಚ್ಚವಿದೆ, ಕಂಪನಿಗಳ ಜಾಲತಾಣಗಳಲ್ಲಿ ಅವುಗಳ ಸಿಎಸ್‌ಆರ್ ನೀತಿಯೂ ಇರುತ್ತದೆ. ಕೆಲವು ವರ್ಷಗಳ ವಿವರವನ್ನು ಕೂತು ಓದಿದರೆ ಶಾಲಾ ಶೌಚಾಲಯಕ್ಕೆ ಹಣ ಕೊಡುವವರು ಯಾರು, ಕೆರೆಯ ಹೂಳೆತ್ತಲು ಕೊಡುವವರು ಯಾರು ಎಂಬುದು ಗೊತ್ತಾಗುತ್ತದೆ. ಎಷ್ಟೋ ಕಡೆ ತೀರ್ಮಾನವಾಗುವುದು ಬೇರೆ ಊರಿನ ಕೇಂದ್ರ ಕಚೇರಿಯಲ್ಲಿ; ನರಸಾಪುರದ ಗೇಟಿನಲ್ಲಿ ಕೊಟ್ಟ ಪತ್ರ ಅಲ್ಲಿಯವರೆಗೆ ಹೋಗುವುದೇ ಅನುಮಾನ. ಇನ್ನು, ಇಂಥ ಯೋಜನೆಗಳನ್ನು ನಡೆಸುವ ಸಂಸ್ಥೆಗಳಿಗೆ 2021ರ ಏಪ್ರಿಲ್ 1ರಿಂದ ಅದೇ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿ ಕಡ್ಡಾಯವಾಗಿದೆ.

ವ್ಯಕ್ತಿಗತ ದಾನಿಗಳ ವಿಚಾರದಲ್ಲಿ ಹೆಚ್ಚಿನ ಎಚ್ಚರ ಬೇಕು. ನಮ್ಮ ಹಳೆಯ ರಸೀದಿ ಪುಸ್ತಕ, ಹಳೆಯ ವಿದ್ಯಾರ್ಥಿಗಳ ಪಟ್ಟಿ, ಶಾಲೆಯ ಫ್ಯಾನು ಮತ್ತು ಬೀರುಗಳ ಮೇಲೆ ಬರೆಸಿರುವ ಹೆಸರುಗಳು ಧಾರಾಳವಾಗಿ ಸಾಕು. ಹಿಂದೆ ಕೊಟ್ಟವರಿಗೆ ಅವರ ಹಣದಿಂದ ಆದ ಕೆಲಸವನ್ನು ತೋರಿಸಿ ಮತ್ತೆ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಆದರೆ ಯಾರಿಗೆ ಎಷ್ಟು ಜಮೀನಿದೆ, ಮಗ ವಿದೇಶದಲ್ಲಿ ಎಷ್ಟು ಸಂಪಾದಿಸುತ್ತಾನೆ ಎಂದು ಅಕ್ಕಪಕ್ಕದವರಲ್ಲಿ ಕೆದಕುವುದು, ದೇವಸ್ಥಾನದ ಸೇವಾ ಪಟ್ಟಿಯಿಂದ ಫೋನ್ ನಂಬರ್ ಬರೆದುಕೊಳ್ಳುವುದು ಖಂಡಿತ ಸಲ್ಲದು.

ಕಂಪನಿಗಳ ವಾರ್ಷಿಕ ವರದಿಗಳು ಬಹುತೇಕ ಇಂಗ್ಲಿಷಿನಲ್ಲಿದ್ದು, ನೂರಾರು ಪುಟಗಳಿರುತ್ತವೆ. ಹಳ್ಳಿಯ ಎಸ್‌ಡಿಎಂಸಿ ಅಧ್ಯಕ್ಷರು ಅವನ್ನು ಓದಿ ಅರ್ಥಮಾಡಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದ್ದರಿಂದ ಜಿಲ್ಲಾ ಕೈಗಾರಿಕಾ ಕೇಂದ್ರವು ಕೋಲಾರದಲ್ಲಿ ಘಟಕ ಹೊಂದಿದ್ದು ಈ ಕಾಯ್ದೆಯ ವ್ಯಾಪ್ತಿಗೆ ಬರುವ ಕಂಪನಿಗಳ ಹೆಸರು, ಅವು ಆರಿಸಿಕೊಂಡಿರುವ ಕ್ಷೇತ್ರ, ಅರ್ಜಿ ಕಳಿಸಬೇಕಾದ ಕಚೇರಿಯ ವಿಳಾಸ ಇವಿಷ್ಟನ್ನು ಕನ್ನಡದಲ್ಲಿ ಪಟ್ಟಿಮಾಡಿ, ಪ್ರತಿ ವರ್ಷ ಪರಿಷ್ಕರಿಸಿ, ಜಿಲ್ಲಾಡಳಿತದ ಜಾಲತಾಣದಲ್ಲಿಯೂ ತಾಲ್ಲೂಕು ಗ್ರಂಥಾಲಯಗಳಲ್ಲಿಯೂ ಇಡುವಂತೆ ಜಿಲ್ಲಾಧಿಕಾರಿಗಳು ಸೂಚಿಸಬೇಕೆಂದು ಕೋರುತ್ತೇನೆ.

– ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯದರ್ಶಿ, ಕೋಲಾರ