ಬಾಟಲಿ ನಾವ್ ತರ್ತೀವಿ, ನಲ್ಲಿ ನೀವ್ ಸರಿ ಇಡ್ರಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ವಾಚಕರ ವಾಣಿಯಲ್ಲಿ ಒಬ್ರು ಬರೆದಿದ್ರು, ಗುಡ್ಡದ ಓಟಕ್ಕೆ ಅಷ್ಟೊಂದು ಫೀಸ್ ಇಸ್ಕೊಂಡು ಒಂದು ಲೋಟ ನೀರು ಕೊಡೋಕೂ ಆಗಲ್ವಾ, ಬಾಟಲಿ ಮನೆಯಿಂದಾನೇ ತನ್ನಿ ಅಂತಾರಲ್ಲ ಇದೆಂಥಾ ಜಿಪುಣತನ ಅಂತ. ಓದಿ ಮೊದ್ಲು ನಗು ಬಂತು, ಆಮೇಲೆ ಸ್ವಲ್ಪ ಬೇಜಾರೂ ಆಯ್ತು. ಅವ್ರ ಸಿಟ್ಟು ಸರಿನೇ ಇದೆ, ಆದ್ರೆ ಬೈದಿರೋ ಜಾಗ ತಪ್ಪು. ಬಾಟಲಿ ನಾವು ತರೋದು ನ್ಯಾಯವೇ. ತಂದ ಬಾಟಲಿ ತುಂಬಲ್ವಲ್ಲ, ಅದು ಅನ್ಯಾಯ.

ನಾನೇನು ದೊಡ್ಡ ಓಟಗಾರ ಅಲ್ಲ. ಚಿತ್ರದುರ್ಗದಲ್ಲಿ ಒಂದು ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆಯೋನು, ವಯಸ್ಸು 47, ಆರು ವರ್ಷದ ಹಿಂದೆ ಡಾಕ್ಟ್ರು ಶುಗರ್ ಬಾರ್ಡರ್‌ಲ್ಲಿದೆ ನೋಡ್ಕಳಿ ಅಂತ ಹೆದರಿಸಿದ್ಮೇಲೆ ಜೋಗಿಮಟ್ಟಿ ರಸ್ತೆಯಲ್ಲಿ ಆಡುಮಲ್ಲೇಶ್ವರದ ತನಕ ವಾಕಿಂಗ್ ಶುರು ಮಾಡ್ದೆ, ವಾಕಿಂಗ್ ಹೋಗಿ ಜಾಗಿಂಗ್ ಆಯ್ತು, ಜಾಗಿಂಗ್ ಹೋಗಿ ಈಗ ಹೆಂಡತಿ ಇದನ್ನ ಹುಚ್ಚು ಅಂತಾಳೆ. ವರ್ಷಕ್ಕೆ ಎರಡೋ ಮೂರೋ ಟ್ರೇಲ್ ರೇಸ್ ಓಡ್ತೀನಿ, ಅಂದ್ರೆ ಡಾಂಬರು ಬಿಟ್ಟು ಕಾಡು ದಾರಿ ಕಾಲು ದಾರಿಲಿ ಓಡೋದು.

ಮೊದ್ಲು ಲೋಟದ ವಿಷಯ. 300 ಜನ ಓಡ್ತಾರೆ ಅಂತ ಇಟ್ಕಳಿ, ದಾರಿಲಿ ಮೂರು ಕಡೆ ನೀರು, ಒಬ್ಬೊಬ್ರು ಒಂದೊಂದು ಕಡೆ ಎರಡು ಲೋಟ ಅಂದ್ರೂ 1800 ಲೋಟ ಆಯ್ತು. ಪ್ಲಾಸ್ಟಿಕ್ ಲೋಟ ನಮ್ಮ ರಾಜ್ಯದಲ್ಲಿ 2016ರಲ್ಲೇ ಬ್ಯಾನ್, ದೇಶಕ್ಕೆಲ್ಲ 2022ರ ಜುಲೈ 1ರಿಂದ ಬ್ಯಾನ್. ಪೇಪರ್ ಲೋಟ ಇದೆಯಲ್ಲ ಅಂತೀರಾ, ಅದರ ಒಳಗೂ ತೆಳ್ಳಗೆ ಪ್ಲಾಸ್ಟಿಕ್ ಕೋಟಿಂಗ್ ಇರುತ್ತೆ, ಇಲ್ಲಾಂದ್ರೆ ನೀರು ನಿಲ್ಲಲ್ಲ. ರಸ್ತೆ ಓಟದಲ್ಲಾದ್ರೆ ಪೌರಕಾರ್ಮಿಕರು ಗುಡಿಸ್ತಾರೆ ಪಾಪ, ಗುಡ್ಡದಲ್ಲಿ ಯಾರು ಗುಡಿಸ್ತಾರೆ? ನಮ್ಮ ಜೋಗಿಮಟ್ಟಿ ಕಡೆ ಗುಡ್ಡದ ಸಾಲಲ್ಲಿ ಗಾಳಿ ಯಂತ್ರ ಸುಮ್ನೆ ನಿಲ್ಸಿಲ್ಲ, ಅಲ್ಲಿ ಒಂದು ಲೋಟ ಕೈ ಬಿಟ್ರೆ ಮುಂದಿನ ಕಣಿವೆಗೆ ಹೋಗಿ ಮುಳ್ಳು ಪೊದೆಗೆ ಸಿಕ್ಕಾಕ್ಕೊಳುತ್ತೆ. ಇನ್ನೊಂದು, ಲೋಟದಲ್ಲಿ ಕೊಟ್ಟ ನೀರನ್ನ ಅರ್ಧ ಕುಡಿದು ಅರ್ಧ ಚೆಲ್ಲಿ ಹೋಗೋರೇ ಜಾಸ್ತಿ. ನಮ್ಮ ಮಾರಿಕಣಿವೆ ಡ್ಯಾಮ್ 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ಕ್ಕೆ, ಅಂಥಾ ಜಿಲ್ಲೆ ನಮ್ದು, ಇಲ್ಲಿ ನೀರು ಚೆಲ್ಲೋದು ಕಣ್ಣಲ್ಲಿ ನೋಡೋಕಾಗಲ್ಲ. ಫ್ರಾನ್ಸ್ ಕಡೆ ಮೋಂಟ್ ಬ್ಲಾಂಕ್ ಪರ್ವತದ ಸುತ್ತ ಓಡೋ ದೊಡ್ಡ ರೇಸ್‌ನಲ್ಲೂ ಇದೇ ರೂಲ್ಸು, ಕನಿಷ್ಠ 1 ಲೀಟರ್ ನೀರು ಮೈಮೇಲೆ ಹೊತ್ಕೊಂಡಿರಬೇಕು, ಕುಡಿಯೋಕೆ ಸ್ವಂತ ಲೋಟ ಬೇರೆ ಇರಬೇಕು, ಇಲ್ದಿದ್ರೆ ಓಟಕ್ಕೇ ಬಿಡಲ್ಲ. ಹಂಗಾಗಿ ಇದು ಜಿಪುಣತನ ಅಲ್ಲ.

ಈಗ ನನ್ನ ಕಥೆ ಕೇಳಿ. ಹೋದ ವರ್ಷ ಶಿವರಾತ್ರಿ ಕಳೆದು ಚಳಿ ಶಿವ ಶಿವ ಅಂತ ಹೋದ್ಮೇಲೆ, ನಮ್ಮ ಕಡೇದೇ ಒಂದು ಗುಡ್ಡದಲ್ಲಿ 21 ಕಿಲೋಮೀಟರ್ ರೇಸು. ಬೆಳಗ್ಗೆ 6ಕ್ಕೆ ಶುರು ಅಂತ ಹೇಳಿದ್ರು, ಮುಖ್ಯ ಅತಿಥಿಗಳು ಬಂದು, ಪೇಟ ಶಾಲು ಹಾರ ಎಲ್ಲ ಮುಗಿದು, ಆರೋಗ್ಯವೇ ಭಾಗ್ಯ ಅಂತ ಭಾಷಣ ಕೇಳಿ ನಾವು ಓಡಿದ್ದು 6.50ಕ್ಕೆ. ಆ 50 ನಿಮಿಷ ಎಂಥಾ ಬೆಲೆದು ಅಂತ ಬಯಲುಸೀಮೆ ಬಿಸಿಲು ಕಂಡೋರಿಗೆ ಹೇಳ್ಬೇಕಿಲ್ಲ. ನೀರು 5, 11, 16ನೇ ಕಿಲೋಮೀಟರ್‌ಗೆ ಅಂತ ಮೆಸೇಜ್ ಬಂದಿತ್ತು. ನನ್ನ ಹತ್ರ ಅರ್ಧ ಲೀಟರ್ ಬಾಟಲಿ ಒಂದೇ.

5ನೇದ್ರಲ್ಲಿ ತೊಂದ್ರೆ ಇರ್ಲಿಲ್ಲ, ಇನ್ನೂ ಯಾರಿಗೂ ಬಾಯಾರಿಕೆ ಆಗಿರ್ಲಿಲ್ಲ. 11ಕ್ಕೆ ಬಂದ್ರೆ ಒಂದು ಸ್ಟೂಲ್ ಮೇಲೆ 20 ಲೀಟರ್ ಕ್ಯಾನು, ಅದಕ್ಕೆ ಆ ಸಣ್ಣ ಪ್ಲಾಸ್ಟಿಕ್ ನಲ್ಲಿ, ಮದುವೆ ಮನೆಲಿ ಕೈ ತೊಳೆಯೋಕೆ ಇಟ್ಟಿರ್ತಾರಲ್ಲ ಅಂಥದ್ದು. ಹುಡುಗ ಒಬ್ಬ ಒತ್ತಿ ಹಿಡ್ಕೊಂಡು ನಿಂತಿದಾನೆ, ಕ್ಯಾನ್‌ನಲ್ಲಿ ನೀರು ಕಮ್ಮಿ ಆದಂಗೆ ಧಾರೆನೂ ಸಣ್ಣ ಆಗ್ತಾ ಹೋಗುತ್ತೆ, ಕೊನೆಗೆ ಕ್ಯಾನನ್ನೇ ಮುಂದಕ್ಕೆ ಬಗ್ಗಿಸ್ಬೇಕು. ಅರ್ಧ ಲೀಟರ್ ತುಂಬೋಕೆ ಹತ್ರ ಹತ್ರ ಒಂದು ನಿಮಿಷ. ನನ್ನ ಮುಂದೆ ಒಂಬತ್ತು ಜನ. ನಿಂತೆ, ನಿಂತೆ, ಬೆವರು ತಣ್ಣಗಾಗಿ ಕಾಲು ಹಿಡ್ಕೊಳೋಕೆ ಶುರು ಆಯ್ತು, ಅರ್ಧ ಬಾಟಲಿಗೇ ಸಾಕು ಮಾಡಿ ಓಡ್ದೆ. ತಪ್ಪು ಅದೇ. 14ಕ್ಕೆ ಬಾಟಲಿ ಖಾಲಿ, 16ನೇ ಕಿಲೋಮೀಟರ್‌ಗೆ ಹೋದ್ರೆ ನೀರೂ ಇಲ್ಲ ಮನುಷ್ಯರೂ ಇಲ್ಲ, ಜೀಪು ಹತ್ತಲಿಲ್ಲ ಅಂತ ಒಂದೂವರೆ ಕಿಲೋಮೀಟರ್ ಮುಂದಕ್ಕೆ ತಗೊಂಡು ಹೋಗಿದ್ರಂತೆ. ಯಾರಿಗೂ ಹೇಳಿರ್ಲಿಲ್ಲ.

ಅಲ್ಲೇ ಪಕ್ಕದ ಅಡಿಕೆ ತೋಟದಲ್ಲಿ ಒಬ್ಬ ಅಜ್ಜಿ ಡ್ರಿಪ್ ಪೈಪ್ ಸರಿ ಮಾಡ್ತಾ ಇತ್ತು. "ಅಜ್ಜಿ, ಸ್ವಲ್ಪ ನೀರು" ಅಂದೆ. ತಲೆ ಎತ್ತಿ ನೋಡಿ "ಯಾಕಪ್ಪ ಹಿಂಗ್ ಓಡ್ ಬರ್ತಿದೀಯ, ಯಾರಾದ್ರೂ ಅಟ್ಟಿಸ್ಕಂಡ್ ಬಂದ್ರಾ?" ಅಂತು. ಕೊಡದಿಂದ ಚೊಂಬಲ್ಲಿ ಎತ್ತಿ ನನ್ನ ಬೊಗಸೆಗೆ ಸುರೀತು, ಆಮೇಲೆ ಬಾಟಲಿಗೂ ತುಂಬ್ತು, ಒಂದು ಹನಿ ಹೊರಗೆ ಹೋಗದಂಗೆ. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಕಾಟ ಇದೆ ಅಂತ ಎಲ್ರಿಗೂ ಗೊತ್ತು, ಆದ್ರೆ ಅದು ವರ್ಷಗಟ್ಟಲೆ ಕುಡಿದ್ರೆ ಹಲ್ಲಿಗೆ ಮೂಳೆಗೆ ಬರೋ ತೊಂದ್ರೆ, ಆವತ್ತು ನನಗೆ ಅದು ಅಮೃತ.

ನನ್ನ ಹಿಂದೆ ದಾವಣಗೆರೆ ಹುಡುಗ ಒಬ್ಬ ಬರ್ತಿದ್ದ, ಮೊದಲನೇ ರೇಸಂತೆ, ಬಾಟಲಿನೇ ತಂದಿಲ್ಲ. ರೂಲ್ಸ್ ಇದ್ದಿದ್ದು ಇಂಗ್ಲಿಷ್ ಮೇಲ್‌ನಲ್ಲಿ ಎಲ್ಲೋ ಹದಿನೇಳನೇ ಪಾಯಿಂಟು. 11ರಲ್ಲಿ ಅವನಿಗೆ "ಬಾಟಲಿ ಇಲ್ದೋರಿಗೆ ನೀರಿಲ್ಲ" ಅಂದ್ರಂತೆ. ಸ್ವಾಮಿ, ರೂಲ್ಸ್ ಇರೋದು ಕಸ ಆಗಬಾರ್ದು ಅಂತ, ಬಾಯಾರಿದೋನಿಗೆ ನೀರು ಇಲ್ಲ ಅನ್ನೋಕಲ್ಲ. ಬೇಸಿಗೆ ಬಂದ್ರೆ ಊರೂರಲ್ಲಿ ಅರವಟ್ಟಿಗೆ ಇಡೋ ಜನ ನಾವು. ಅಲ್ಲೇನು ಸಾವಿರ ಪೇಪರ್ ಲೋಟ ಇರ್ತಿತ್ತಾ? ಒಂದು ಚೊಂಬು, ಎತ್ತಿ ಕುಡೀಬೇಕು, ಇಲ್ಲಾ ಬೊಗಸೆ ಒಡ್ಡಬೇಕು. ಎಂಜಲೂ ಇಲ್ಲ ಕಸನೂ ಇಲ್ಲ. ಪ್ರತಿ ಸ್ಟಾಪಲ್ಲಿ ಎರಡು ಸ್ಟೀಲ್ ಚೊಂಬು ಇಟ್ರೆ ಮುಗೀತು. ನಮ್ಮ ಓಬವ್ವನ ಕಥೆ ಕೂಡ ಗಂಡನಿಗೆ ಊಟದ ಹೊತ್ತಲ್ಲಿ ನೀರು ತರೋಕೆ ಹೋದಾಗಿಂದಾನೇ ಶುರು ಆಗೋದು, ಬರೀ ಒನಕೆ ನೆನಪಿಟ್ಕೊಂಡಿದೀವಿ.

ಇನ್ನು ಓಡೋರಿಗೂ ಎರಡು ಮಾತು ಹೇಳ್ಬೇಕು, ಎಲ್ಲ ಆಯೋಜಕರ ತಲೆಗೇ ಕಟ್ಟಿದ್ರೆ ತಪ್ಪಾಗುತ್ತೆ. ಎಷ್ಟು ನೀರು ಹೊರಬೇಕು ಅಂತ ಯಾರನ್ನ ಕೇಳಿದ್ರೂ ಒಂದೊಂದು ಹೇಳ್ತಾರೆ. ನಾನು ಮಂಡಿ ತಕ್ಕಡಿ ಮೇಲೆ ನಿಂತು ನೋಡ್ದೆ, ಹಮಾಲರೆಲ್ಲ ಇವತ್ತು ಸಾಹುಕಾರ್ರು ಗುಮಾಸ್ತರನ್ನೇ ಮಾರ್ತಾರೆ ಅಂತ ನಕ್ರು. ಓಡೋಕೆ ಮುಂಚೆ 68.4 ಕೆ.ಜಿ., ಬೇಸಿಗೇಲಿ ಒಂದು ಗಂಟೆ ಓಡಿ ಬಂದು ಬೆವರು ಒರೆಸ್ಕೊಂಡು ನಿಂತ್ರೆ 67.5. ಮಧ್ಯ 300 ಎಂಎಲ್ ಕುಡಿದಿದ್ದೆ. 1 ಕೆ.ಜಿ. ಕಮ್ಮಿ ಆದ್ರೆ ಹೆಚ್ಚುಕಮ್ಮಿ 1 ಲೀಟರ್ ನೀರು ಹೋಯ್ತು ಅಂತ ಲೆಕ್ಕ, ಅಂದ್ರೆ ಗಂಟೆಗೆ 1.2 ಲೀಟರ್ ಬೆವರು ನಂದು. ಡಿಸೆಂಬರ್ ಚಳೀಲಿ ಇದೇ ದಾರಿ ಇದೇ ಸ್ಪೀಡು, 700 ಎಂಎಲ್ ಅಷ್ಟೇ. ನಿಮ್ದು ಬೇರೆ ಇರುತ್ತೆ, ನೀವೇ ತೂಗಿ ನೋಡ್ಕೊಬೇಕು. ಹಂಗಂತ ಹೋಗಿದ್ದಷ್ಟೂ ಕುಡೀಬೇಕು ಅಂತಿಲ್ಲ, ಓಡ್ತಾ ಓಡ್ತಾ ಹೊಟ್ಟೆ ಅಷ್ಟು ತಡ್ಕೊಳಲ್ಲ, ಗುಳುಗುಳು ಅನ್ನುತ್ತೆ. ಬಾಯಾರಿಕೆ ಆದಾಗ ಎರಡು ಮೂರು ಗುಟುಕು, ಗಂಟೆಗೆ ಅರ್ಧ ಲೀಟರ್ ಆಸುಪಾಸು, ಬಿಸಿಲು ಜೋರಿದ್ರೆ ಇನ್ನೊಂದಿಷ್ಟು, ನನಗೆ ಇದು ಸರಿಹೋಗಿದೆ. ಗುಡ್ಡದಲ್ಲಿ ಲೆಕ್ಕ ಮಾಡೋದು ಕಿಲೋಮೀಟರ್‌ನಲ್ಲಿ ಅಲ್ಲ, ಗಂಟೇಲಿ. ರಸ್ತೇಲಿ 5 ಕಿಲೋಮೀಟರ್ ಅರ್ಧ ಗಂಟೆ, ಏರಲ್ಲಿ ಅದೇ 5ಕ್ಕೆ ಒಂದು ಗಂಟೆನೂ ಆಗುತ್ತೆ, ನಾನು ಮೋಸ ಹೋಗಿದ್ದು ಇಲ್ಲೇ.

ಜಾಸ್ತಿ ಕುಡಿಯೋದೂ ಅಪಾಯನೇ, ಇದು ಬಹಳ ಜನ ನಂಬಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಟೆಸ್ಟ್ ಮಾಡಿದ್ರು, ಅದರಲ್ಲಿ ನೂರಕ್ಕೆ 13 ಜನಕ್ಕೆ ರಕ್ತದಲ್ಲಿ ಸೋಡಿಯಂ, ಅಂದ್ರೆ ಉಪ್ಪಿನ ಅಂಶ, ಕಮ್ಮಿ ಆಗಿತ್ತು, ಅದ್ರಲ್ಲೂ ಓಟ ಮುಗಿಯೋ ಹೊತ್ತಿಗೆ ತೂಕ ಜಾಸ್ತಿ ಆಗಿದ್ದೋರಿಗೆ, ಅಂದ್ರೆ ಬೆವರಿಗಿಂತ ಜಾಸ್ತಿ ನೀರು ಕುಡಿದೋರಿಗೆ, ಈ ತೊಂದ್ರೆ ಹೆಚ್ಚು. ತಲೆ ನೋವು, ವಾಂತಿ, ಮಂಕು ಕವಿದಂಗೆ ಆಗೋದು, ನೋಡಿದೋರು ಡೀಹೈಡ್ರೇಷನ್ ಅನ್ಕೊಂಡು ಇನ್ನಷ್ಟು ನೀರು ಕುಡಿಸ್ತಾರೆ, ಅಲ್ಲಿಗೆ ಕಥೆ ಕೆಡುತ್ತೆ. ಹಂಗೆ ಕಂಡ್ರೆ ನೀರು ಹಿಡಿಯೋದು ಬಿಟ್ಟು ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು.

ಉಪ್ಪಿನ ವಿಷಯ. ಓಡಿ ಬಂದ್ಮೇಲೆ ಟೀ ಶರ್ಟ್ ಮೇಲೆ ಬೆಳ್ಳಗೆ ಪಟ್ಟೆ ಬೀಳುತ್ತಲ್ಲ, ಅದು ಉಪ್ಪೇ, ನಂದು ನೋಡಿದ್ರೆ ಸುಣ್ಣ ಬಳಿದಂಗೆ ಇರುತ್ತೆ. ಎರಡು ಗಂಟೆ ದಾಟೋ ಓಟಕ್ಕೆ ಬರೀ ನೀರು ಸಾಲಲ್ಲ. ಮನೇಲಿ ಓಆರ್‌ಎಸ್ ಮಾಡೋ ಲೆಕ್ಕ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ನಾನು ಅದಕ್ಕೆ ಒಂದು ನಿಂಬೆಹಣ್ಣು ಹಿಂಡ್ತೀನಿ. ಪೊಟ್ಟಣದ್ದು ತಗೊಳೋರು ದೊಡ್ಡ ಪೊಟ್ಟಣ ಲೀಟರ್‌ಗೆ ಅಂತ ನೆನಪಿಡಿ, ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದ್ರೆ ಬಾಯಾರಿಕೆ ಜಾಸ್ತಿ ಆಗುತ್ತೆ. ಟೆಟ್ರಾ ಪ್ಯಾಕ್ ಜ್ಯೂಸ್ ಮೇಲೆ ಓಆರ್‌ಎಸ್ ಅಂತ ಬರ್ಕೊಂಡು ಮಾರ್ತಿದ್ರಲ್ಲ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತೆ ನೋಡ್ಕೊಳೋ ಎಫ್‌ಎಸ್‌ಎಸ್‌ಎಐ ಅದನ್ನ ಹಂಗೆ ಬರೆಯಂಗಿಲ್ಲ ಅಂತು, ಒಳ್ಳೇದಾಯ್ತು. ಮಜ್ಜಿಗೆ ನನಗೆ ಓಟದ ಮಧ್ಯ ಆಗ್ಬರಲ್ಲ, ಹುಳಿ ತೇಗು ಬರುತ್ತೆ, ಮುಗಿದ್ಮೇಲೆ ಎರಡು ಲೋಟ ಕುಡೀತೀನಿ.

ಬಾಟಲಿ ಯಾವ್ದು ಅಂತ ಹುಡುಗ್ರು ಕೇಳ್ತಾರೆ. ಬೆನ್ನಿಗೆ ಹಾಕೋ ನೀರಿನ ಚೀಲ ಚೆನ್ನಾಗಿದೆ, ಆದ್ರೆ ಎಷ್ಟು ಉಳಿದಿದೆ ಗೊತ್ತಾಗಲ್ಲ, ದಾರೀಲಿ ತುಂಬೋದು ರಗಳೆ, ಒಳಗೆ ಗಾಳಿ ಇದ್ರೆ ಓಡೋವಾಗ ಚಳಕ್ ಬಳಕ್ ಅಂತ ತಲೆ ತಿನ್ನುತ್ತೆ. ಚೀಲ ತಲೆಕೆಳಗು ಮಾಡಿ ಪೈಪಿಂದ ಗಾಳಿ ಎಳೆದು ಬಿಟ್ರೆ ಆ ಸದ್ದು ನಿಲ್ಲುತ್ತೆ. ಎದೆ ಮೇಲಿನ ಜೇಬಲ್ಲಿ ಇಡೋ ಮೆತ್ತನೆ ಫ್ಲಾಸ್ಕ್ ಎರಡಿದ್ರೆ ಒಂದ್ರಲ್ಲಿ ನೀರು ಒಂದ್ರಲ್ಲಿ ನಿಂಬೆ ಉಪ್ಪು ಅಂತ ಇಟ್ಕೊಬಹುದು, ಆದ್ರೆ ಅದು ನಿಲ್ಲಲ್ಲ, ಬೆವರಿದ ಕೈಲಿ ಸಣ್ಣ ನಲ್ಲಿ ಕೆಳಗೆ ಹಿಡಿದ್ರೆ ಹಸಿ ಮೀನು ಹಿಡಿದಂಗೆ ಜಾರುತ್ತೆ. ದುಡ್ಡಿಲ್ದೋರು ಸಾದಾ ಅಗಲ ಬಾಯಿ ಬಾಟಲಿ ಎರಡು ತಗೊಳ್ಳಿ, ಏನೂ ನಾಚಿಕೆ ಇಲ್ಲ.

ಈ ಸಲ ರೇಸ್ ಮಾಡೋರಿಗೆ ಕೇಳೋದು ಇಷ್ಟೇ. ಬಾಟಲಿ ರೂಲ್ಸು ಕನ್ನಡದಲ್ಲಿ, ಮೊದಲನೇ ಸಾಲಲ್ಲಿ, ಎಷ್ಟು ಲೀಟರ್ ಅಂತ ಸೇರ್ಸಿ ಬರೀರಿ. ಕ್ಯಾನ್ ಬದಲು ಡ್ರಮ್ ಎತ್ತರದಲ್ಲಿಟ್ಟು ದಪ್ಪ ಪೈಪ್ ಬಿಡ್ರಿ, ಇಲ್ಲಾಂದ್ರೆ ನಾಲ್ಕು ಜಗ್ ಇಟ್ಟು ನಾಲ್ಕು ಹುಡುಗ್ರನ್ನ ನಿಲ್ಸಿ, ಜಗ್‌ಲ್ಲಿ ಸುರಿದ್ರೆ ಐದು ಸೆಕೆಂಡ್ ಕೆಲ್ಸ. ಸ್ಟಾಪ್ ಜಾಗ ಬದಲಾದ್ರೆ ಹಿಂದಿನ ಸ್ಟಾಪಲ್ಲೇ ಕೂಗಿ ಹೇಳಿ. ಭಾಷಣ ಓಟ ಮುಗಿದ್ಮೇಲೆ ಇಟ್ಕಳಿ, ಚಪ್ಪಾಳೆ ನಾವೂ ಹೊಡೀತೀವಿ. ಸ್ಟೀಲ್ ಚೊಂಬು ಬೇಕಾದ್ರೆ ನಾನೇ ಆರು ಕೊಡಿಸ್ತೀನಿ, 16ನೇ ಕಿಲೋಮೀಟರ್‌ಗೆ ನಿಲ್ಲೋಕೆ ಆಳು ಇಲ್ಲ ಅಂದ್ರೂ ನಾನೇ ನಿಲ್ತೀನಿ, ಮೊಣಕಾಲು ಹಿಡ್ಕೊಂಡಿದೆ, ಈ ವರ್ಷ ಹೆಂಗೂ ಓಡೋಕೆ ಡಾಕ್ಟ್ರು ಬಿಡಲ್ಲ.

ಇಂತಿ,
ಮಂಡಿ ಗುಮಾಸ್ತ, ಚಿತ್ರದುರ್ಗ