ಹಚ್ಚಿದ ಮೇಲೆ ಸ್ವಲ್ಪ ಹೊತ್ತು ನಿಲ್ಲು

ಚಿರಂಜೀವಿ ಮರಿಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಬೆಂಗಳೂರು ಶಿವಾಜಿನಗರದ ಸಂತ ಮರಿಯ ಬಸಿಲಿಕ ದೇವಾಲಯದಲ್ಲಿ ಒಂಬತ್ತು ದಿನ ಮೇಣದಬತ್ತಿ ಹಚ್ಚಿದರೂ ಕೆಲಸ ಸಿಗಲಿಲ್ಲವೆಂದೂ, ಈ ಬತ್ತಿ, ಧೂಪಗಳಿಗೆಲ್ಲ ನಿಜವಾಗಿ ಅರ್ಥವಿದೆಯೇ ಎಂದೂ ಕೇಳಿದ್ದೀಯೆ. ಕೆಲಸ ಸಿಗದ ಸಂಕಟ ನನಗೂ ಇದೆ. ಆದರೂ ಇವತ್ತು ನಿನ್ನ ಪ್ರಶ್ನೆಗಷ್ಟೇ ಉತ್ತರ ಬರೆಯುತ್ತೇನೆ.

ಮೇಣದಬತ್ತಿ ದೇವರಿಗೆ ಕಟ್ಟುವ ಶುಲ್ಕವಲ್ಲ ಮಗಳೇ. ದೇವರಿಗೆ ಬೆಳಕಿನ ಕೊರತೆಯಿದೆಯೆಂದೂ ಯಾರೂ ಅದನ್ನು ಹಚ್ಚುವುದಿಲ್ಲ. ಇಂಥದೇ ಆಕ್ಷೇಪಕ್ಕೆ ಕ್ರಿ.ಶ. 406ರಲ್ಲಿ ಉತ್ತರ ಕೊಟ್ಟ, ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಸಂತ ಜೆರೋಮರು, ಪೂರ್ವದೇಶಗಳ ದೇವಾಲಯಗಳಲ್ಲಿ ಯೇಸುವಿನ ಶುಭಸಂದೇಶ ಓದುವಾಗ ಹೊರಗೆ ಬಿಸಿಲಿದ್ದರೂ ದೀಪ ಹಚ್ಚುತ್ತಾರೆ, ಅದು ಕತ್ತಲೆ ಕಳೆಯಲಿಕ್ಕಲ್ಲ, ಸಂತೋಷವನ್ನು ತೋರಲಿಕ್ಕೆ ಎಂದು ಬರೆದರು.

ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯನ್ನು ನೆನಪಿಸಿಕೋ. ಹೊಸ ಬೆಂಕಿಯನ್ನು ಆಶೀರ್ವದಿಸಿದ ಮೇಲೆ ಗುರುಗಳು ಪಾಸ್ಖ ಬತ್ತಿಯೆಂಬ ದೊಡ್ಡ ಬತ್ತಿಯ ಮೇಲೆ ಶಿಲುಬೆಯನ್ನೂ ಆ ವರ್ಷದ ಅಂಕಿಗಳನ್ನೂ ಗುರುತಿಸಿ, ಕ್ರಿಸ್ತರ ಐದು ಗಾಯಗಳ ನೆನಪಿಗೆ ಧೂಪದ ಐದು ಹರಳುಗಳನ್ನು ಅದರಲ್ಲಿ ಚುಚ್ಚುತ್ತಾರೆ. ಆಮೇಲೆ ಕತ್ತಲು ತುಂಬಿದ ದೇವಾಲಯದೊಳಕ್ಕೆ ಆ ಒಂದೇ ಜ್ವಾಲೆ ಬಂದು, ಪಕ್ಕದವರ ಬತ್ತಿಯಿಂದ ಪಕ್ಕದವರ ಬತ್ತಿಗೆ ಹತ್ತುತ್ತಾ ಕೊನೆಯ ಸಾಲಿನವರೆಗೂ ಹೋಗುತ್ತದೆ. ನಿನ್ನ ದೀಕ್ಷಾಸ್ನಾನದ ದಿನ ಪಾಸ್ಖ ಬತ್ತಿಯಿಂದಲೇ ಒಂದು ಪುಟ್ಟ ಬತ್ತಿ ಹೊತ್ತಿಸಿಕೊಂಡು ಜ್ಞಾನತಂದೆಯಾಗಿ ನಿಂತವನು ನಾನು. ಹಾಗಾಗಿ ನೀನು ಹಚ್ಚುವ ಪ್ರತಿ ಬತ್ತಿಯೂ ನನಗೆ ಆ ದಿನ ದೇವರಿಗೆ ಕೊಟ್ಟ ಮಾತನ್ನೇ ಮತ್ತೆ ಆಡಿದಂತೆ ಕಾಣುತ್ತದೆ.

ಧೂಪಕ್ಕೆ ನಮ್ಮವರು ಜೀವವನ್ನೇ ತೆತ್ತಿದ್ದಾರೆ. ಕ್ರಿ.ಶ. 250ರ ಸುಮಾರಿಗೆ ರೋಮ್ ಚಕ್ರವರ್ತಿ ಡೆಸಿಯಸ್ ಎಲ್ಲರೂ ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ, ಒಂದು ಚಿಟಿಕೆ ಧೂಪ ಹಾಕಿ ಪ್ರಾಣ ಉಳಿಸಿಕೊಂಡವರೂ ಇದ್ದರು, ಹಾಕಲೊಲ್ಲದೆ ಸತ್ತವರೂ ಇದ್ದರು. ಧೂಪವೆಂದರೆ ಆರಾಧನೆಯೆಂದು ತಿಳಿದಿದ್ದರಿಂದಲೇ ಅವರು ಕೈ ಹಿಂದೆಗೆದುಕೊಂಡರು. ನನ್ನ ಪ್ರಾರ್ಥನೆ ಧೂಪದಂತೆ ನಿನ್ನ ಸನ್ನಿಧಿಗೆ ಏರಲಿ ಎನ್ನುವ ಬೈಬಲಿನ 141ನೆಯ ಕೀರ್ತನೆಯನ್ನು ಈ ನೆನಪಿನೊಂದಿಗೆ ಓದು.

ಚಿಕ್ಕವನಿದ್ದಾಗ ನಾನು ಪೂಜೆಯಲ್ಲಿ ಧೂಪದಾನಿ ಹಿಡಿಯುತ್ತಿದ್ದೆ. ಒಮ್ಮೆ ಒಂದು ಸಾವಿನ ಪೂಜೆಯಲ್ಲಿ ಕೆಂಡದ ಮೇಲೆ ಬೂದಿ ಕಟ್ಟಿದ್ದನ್ನು ನೋಡದೆ ಮುಚ್ಚಳ ಎತ್ತಿ ಹಿಡಿದೆ. ಗುರುಗಳು ಹಾಕಿದ ಸಾಂಬ್ರಾಣಿ ಕಲ್ಲುಸಕ್ಕರೆಯ ಚೂರುಗಳಂತೆ ಹಾಗೇ ಬಿದ್ದಿತ್ತು. ನಾನು ಬಗ್ಗಿ ಊದಿದೆ. ಬೂದಿ ಹಾರಿ ಕೆಂಪು ಕಾಣಿಸಿತು, ಹರಳು ಕರಗಿ ನೊರೆಗಟ್ಟಿ ಹೊಗೆ ಎದ್ದಿತು. ಪವಿತ್ರಾತ್ಮರು ನೆಲೆಸಿದ್ದ ದೇಹವೆಂಬ ಗೌರವಕ್ಕೆ ಶವಪೆಟ್ಟಿಗೆಯ ಸುತ್ತ ಧೂಪ ಬೀಸುತ್ತಾರೆ. ಸತ್ತವರ ಹೆಂಡತಿ ಆ ಹೊಗೆ ಮೇಲೇರುವುದನ್ನು ನೋಡುತ್ತಾ ಕೈಮುಗಿದು ನಿಂತಿದ್ದರು. ಬರೀ ಹರಳಿನಿಂದ ಪರಿಮಳ ಬಾರದು, ಒಳಗೆ ಕೆಂಡವಿರಬೇಕು ಎಂಬುದು ನನಗೆ ತಿಳಿದದ್ದು ಅವತ್ತು.

ಒಂಬತ್ತು ದಿನವೂ ಬತ್ತಿ ಹಚ್ಚಿ ಬಸ್ಸಿಗೆ ಓಡಿದೆ ಎಂದು ನೀನೇ ಬರೆದಿದ್ದೀಯೆ. ಇನ್ನು ಮುಂದೆ ಒಂದೇ ಒಂದು ಹಚ್ಚಿದರೂ ಸರಿ, ಮೇಣ ಒಂದು ಬೆರಳಿನಷ್ಟು ಇಳಿಯುವವರೆಗಾದರೂ ಅಲ್ಲಿ ನಿಲ್ಲು. ಏನೂ ಕೇಳಲು ತೋಚದಿದ್ದರೆ ಸುಮ್ಮನೆ ನಿಲ್ಲು. ಸಿಟ್ಟಿದ್ದರೆ ಸಿಟ್ಟನ್ನೇ ಹೇಳು. ನೀನು ಹೊರಟ ಮೇಲೂ ಬತ್ತಿ ಉರಿಯುತ್ತಿರುತ್ತದೆ. ಆದರೆ ಹಾಸ್ಟೆಲ್ ಕೋಣೆಯಲ್ಲಿ ಪರದೆಯ ಹತ್ತಿರ ಹಚ್ಚಿಟ್ಟು ಮಲಗಬೇಡ, ಅದು ಭಕ್ತಿಯಲ್ಲ.

ನಿನ್ನ ದೀಕ್ಷಾಸ್ನಾನದ ಬತ್ತಿ ನಮ್ಮ ಟ್ರಂಕಿನಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಹಾಗೇ ಇದೆ, ಅರ್ಧ ಉರಿದಿದೆ. ಫೆಬ್ರವರಿ 2ರಂದು ಬತ್ತಿಗಳನ್ನು ಆಶೀರ್ವದಿಸುವ ಹಬ್ಬಕ್ಕೆ ಮೈಸೂರಿಗೆ ಬಾ, ಅದನ್ನು ನಿನ್ನ ಕೈಗೇ ಕೊಡುತ್ತೇನೆ.

ಇಂತಿ ನಿನ್ನ ದೊಡ್ಡಪ್ಪ