ಪಾಳು ನಗರದಲ್ಲಿ ನೀರಿನ ಜಾಡು

ಮಾನ್ಯ ಸಂಪಾದಕರೇ,

ಕಳೆದ ಚಳಿಗಾಲದಲ್ಲಿ ನಾನು ಮತ್ತು ನನ್ನ ಪತ್ನಿ ಪ್ರವಾಸಿ ತಂಡವೊಂದರ ಜೊತೆ ಜೋರ್ಡಾನ್ ದೇಶಕ್ಕೆ ಹೋಗಿ, ಪೆಟ್ರಾ ಎಂಬ ಪ್ರಾಚೀನ ನಗರದ ಅವಶೇಷಗಳನ್ನೂ ವಾಡಿ ರಮ್ ಮರುಭೂಮಿಯ ಬಂಡೆಗಳನ್ನೂ ನೋಡಿ ಬಂದೆವು. ಅಂಥ ಪ್ರವಾಸಕ್ಕೆ ಹೊರಡುವ ನಮ್ಮ ಕಡೆಯವರಿಗೂ, ಹಾಸನ ಜಿಲ್ಲೆಯ ಪ್ರಾಚೀನ ಸ್ಥಳಗಳ ಹೊಣೆ ಹೊತ್ತವರಿಗೂ ಒಂದು ಮಾತು ಹೇಳಲೇಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮನ್ನು ಕರೆದೊಯ್ದ ಸಂಸ್ಥೆಯವರು ಪೆಟ್ರಾಕ್ಕೆ ಕೊಟ್ಟ ಸಮಯ ಎರಡೂವರೆ ಗಂಟೆ. ಸಿಕ್ ಎಂದು ಕರೆಯುವ ಕಲ್ಲಿನ ಓಣಿಯಲ್ಲಿ ಸುಮಾರು 1.2 ಕಿಲೋಮೀಟರ್ ಬಿರಬಿರನೆ ನಡೆದು, ಅದರ ಕೊನೆಯಲ್ಲಿ ಥಟ್ಟನೆ ಎದುರಾಗುವ ಅಲ್ ಖಜ್ನೆ ಎಂಬ ಭವ್ಯ ಮುಖಮಂಟಪದ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುವಷ್ಟರಲ್ಲಿ ಆ ಸಮಯ ಮುಗಿಯಿತು. ಮನಸ್ಸು ಒಪ್ಪದೆ ನಾವಿಬ್ಬರೂ ತಂಡದಿಂದ ಬೇರೆಯಾಗಿ ಮರುದಿನವೂ ಅಲ್ಲೇ ಉಳಿದೆವು. ಹಿಂದಿನ ದಿನ ಎರಡು ಸಲ ಹಾದುಹೋಗಿದ್ದರೂ ಕಣ್ಣಿಗೆ ಬೀಳದೇ ಹೋಗಿದ್ದ ಸಂಗತಿಯನ್ನು ಸ್ಥಳೀಯ ಮಾರ್ಗದರ್ಶಕರು ಕೈಯಿಟ್ಟು ತೋರಿಸಿದ್ದು ಆ ಬೆಳಿಗ್ಗೆ. ಸಿಕ್‌ನ ಒಂದು ಬದಿಯ ಗೋಡೆಯುದ್ದಕ್ಕೂ ಸೊಂಟದ ಎತ್ತರದಲ್ಲಿ ಬಂಡೆಯಲ್ಲೇ ಕೊರೆದ ಕಾಲುವೆಯಿದೆ. ಎದುರು ಬದಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಗಾರೆ ಹಾಕಿ ಕೂರಿಸಿದ ಗುರುತುಗಳಿವೆ. ಊರಿನ ಹೊರಗಿನ ಚಿಲುಮೆಯ ನೀರು, ಎರಡು ಸಾವಿರ ವರ್ಷಗಳ ಹಿಂದೆ, ಹೀಗೆ ಹರಿದು ನಗರ ಸೇರುತ್ತಿತ್ತು.

ನಮ್ಮ ಸಕಲೇಶಪುರದಲ್ಲಿ ಒಂದು ಆಷಾಢದಲ್ಲಿ ಸುರಿಯುವಷ್ಟು ಮಳೆ ಅಲ್ಲಿ ಇಡೀ ವರ್ಷವಾದರೂ ಬೀಳುವುದಿಲ್ಲ. ಬೀಳುವ ಅಲ್ಪ ಮಳೆಯೂ ಒಮ್ಮೆಲೇ ಸುರಿದು, ಬೋಳು ಬಂಡೆಗಳ ಮೇಲಿಂದ ಜಾರಿ, ಕಿರಿದಾದ ಕಣಿವೆಗಳಲ್ಲಿ ಪ್ರವಾಹವಾಗಿ ನುಗ್ಗುತ್ತದೆ. ಧೂಪದ್ರವ್ಯ ಮತ್ತು ಸಾಂಬಾರ ಪದಾರ್ಥಗಳ ವ್ಯಾಪಾರದಿಂದ ಬೆಳೆದ, ಪೆಟ್ರಾ ನಗರವನ್ನು ಕಟ್ಟಿದ ಪ್ರಾಚೀನ ಅರಬ್ ಜನರಾದ ನಬಾತಿಯನ್ನರು ಈ ಎರಡು ಕಷ್ಟಗಳನ್ನೂ ಅರಿತು, ಸಿಕ್‌ನ ಬಾಯಿಗೆ ಅಣೆ ಕಟ್ಟಿ, ಬಂಡೆಯಲ್ಲಿ ಸುರಂಗ ಕೊರೆದು ಪ್ರವಾಹವನ್ನು ಬೇರೆ ಕಣಿವೆಗೆ ತಿರುಗಿಸಿದರು. ಇಳಿಜಾರುಗಳಲ್ಲಿ ತೊಟ್ಟಿಗಳನ್ನು ಕಡಿದು ಮಳೆನೀರು ಹಿಡಿದಿಟ್ಟರು. 363ನೇ ಇಸವಿಯ ಭೂಕಂಪ ಕಟ್ಟಡಗಳ ಜೊತೆಗೆ ಈ ನೀರಿನ ವ್ಯವಸ್ಥೆಯನ್ನೂ ಕೆಡಿಸಿದ್ದು ನಗರದ ಅವನತಿಗೆ ಒಂದು ಮುಖ್ಯ ಕಾರಣ. ಹಳೆಯ ಅಣೆಯ ಕೆಲಸ ಎಷ್ಟು ಅಗತ್ಯವಾಗಿತ್ತೆಂಬುದು ನಮ್ಮ ಕಾಲಕ್ಕೆ ಅರಿವಾದದ್ದು ದುರಂತವೊಂದರ ಮೂಲಕ: 1963ರಲ್ಲಿ ಸಿಕ್‌ಗೆ ನುಗ್ಗಿದ ಪ್ರವಾಹದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಆಮೇಲೆ ಅದೇ ಜಾಗದಲ್ಲಿ ಮತ್ತೆ ಅಣೆ ಕಟ್ಟಲಾಯಿತು.

ಅಲ್ ಖಜ್ನೆಯ ಬಗ್ಗೆಯೂ ಒಂದು ಮಾತು. ಸುಮಾರು ನಲವತ್ತು ಮೀಟರ್ ಎತ್ತರದ ಆ ಮುಖಮಂಟಪವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತಾ ಬಂದಿದ್ದಾರೆ. ವಿಂಧ್ಯಗಿರಿಯ ನೆತ್ತಿಯ ಬಂಡೆಯಲ್ಲೇ ಗೊಮ್ಮಟನನ್ನು ಕಂಡರಿಸಿದ ನಾಡಿನವರಾದ ನಮಗೆ ಆ ಕೆಲಸದ ಕಷ್ಟ ಬೇಗ ಅರ್ಥವಾಗುತ್ತದೆ. ಆದರೆ ನಮ್ಮದು ಗ್ರಾನೈಟ್, ಅಲ್ಲಿನದು ಮೆದುವಾದ ಮರಳುಗಲ್ಲು. ಕಲ್ಲಿನೊಳಗೆ ಇಳಿದ ತೇವ ಆರುವಾಗ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಕಣಕಣವಾಗಿ ಉದುರಿಸುವುದರಿಂದ, ಅನೇಕ ಗೋಡೆಗಳು ಜೇನುಹುಟ್ಟಿನಂತೆ ತೂತುತೂತಾಗಿವೆ. ನಗರವನ್ನು ಬದುಕಿಸಿದ ನೀರೇ ಅದರ ಕಲ್ಲನ್ನು ಸವೆಸುತ್ತಿದೆ.

ಅಲ್ಲಿಂದ ದಕ್ಷಿಣಕ್ಕಿರುವ ವಾಡಿ ರಮ್‌ನಲ್ಲಿ ಮನುಷ್ಯ ಕಡಿದ ಕಟ್ಟಡಗಳಿಗಿಂತ ಪ್ರಕೃತಿ ಕಡಿದ ಕಮಾನುಗಳು, ಅಣಬೆಯಾಕಾರದ ಬಂಡೆಗಳು, ಮರಳಿನಿಂದ ನೆಟ್ಟಗೆ ಎದ್ದ ಬೆಟ್ಟಗಳು ದೊಡ್ಡವು. ಜೀಪಿನಲ್ಲಿ ಸುತ್ತಿಸುವ ಬೆದೂಯಿನರು (ಅಲ್ಲಿನ ಮರುಭೂಮಿಯ ಅರಬ್ ಬುಡಕಟ್ಟಿನವರು) ನಮ್ಮನ್ನು ಒಂದು ಬೆಟ್ಟದ ಬುಡದಲ್ಲಿ ನಿಲ್ಲಿಸಿ, ಮೇಲಿನ ಕೆಂಪು ಮರಳುಗಲ್ಲು ಮುಗಿದು ಕೆಳಗಿನ ಗ್ರಾನೈಟ್ ಶುರುವಾಗುವ ಗೆರೆಯನ್ನು ತೋರಿಸಿದರು. ಮರಳುಗಲ್ಲಿನೊಳಗೆ ಇಂಗಿದ ಮಳೆನೀರು ಗ್ರಾನೈಟಿನೊಳಗೆ ಇಳಿಯಲಾರದೆ ಆ ಗೆರೆಯಲ್ಲೇ ಚಿಲುಮೆಯಾಗಿ ಹೊರಬರುತ್ತದೆ. ಅಲ್ಲಿ ಹಸಿರು ಗಿಡ, ಒಂಟೆಗಳಿಗೆ ನೀರು, ಪಕ್ಕದಲ್ಲೇ ಪುರಾತನ ಬರಹಗಳು. ಆ ಕಣಿವೆಗಳಲ್ಲಿ ಸುಮಾರು 25,000 ಶಿಲಾಚಿತ್ರಗಳೂ 20,000 ಶಾಸನಗಳೂ ಇವೆಯೆಂದು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಕೆಲವುಗಳ ಮೇಲೆಯೇ ಈಚಿನ ಪ್ರವಾಸಿಗರು ತಮ್ಮ ಹೆಸರು ಗೀಚಿರುವುದನ್ನು ಕಂಡು ಬಹಳ ಸಂಕಟವಾಯಿತು. ನಮ್ಮ ಬೆಟ್ಟಗುಡ್ಡಗಳ ಬಂಡೆಗಳ ಮೇಲೂ ಇದೇ ದೃಶ್ಯ.

ಊರಿಗೆ ಬಂದ ಮೇಲೆ ನನಗೆ ಕಾಡಿದ ಪ್ರಶ್ನೆ ನಮ್ಮ ಜಿಲ್ಲೆಯದು. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಊರಿಗೆ ಹೆಸರು ಕೊಟ್ಟದ್ದು ಕೆರೆ. ಬೆಳಗೊಳವೆಂದರೆ ಬಿಳಿಯ ಕೊಳ. ಅಲ್ಲಿಯೂ ಹೆಸರು ನೀರಿನದೇ. ಚಂದ್ರಗಿರಿಯ ಮೇಲೆ ಮಳೆನೀರು ನಿಲ್ಲುವ ಕಂಚಿನ ದೊಣೆ, ಲಕ್ಕಿ ದೊಣೆಗಳಿವೆ; ಲಕ್ಕಿ ದೊಣೆಯ ಬಳಿಯ ಬಂಡೆಯಲ್ಲಿ, ಬಂದುಹೋದ ಯಾತ್ರಿಕರು ಸಾವಿರ ವರ್ಷಗಳ ಹಿಂದೆ ಬರೆಸಿದ ಶಾಸನಗಳಿವೆ. ಹಳೇಬೀಡಿಗೆ ಹತ್ತಿರದ ಹುಲಿಕೆರೆಯಲ್ಲಿ ಸುತ್ತಲೂ ಪುಟ್ಟ ಗುಡಿಗಳಿರುವ ಹೊಯ್ಸಳರ ಕಾಲದ ಮೆಟ್ಟಿಲುಗೊಳವಿದೆ. ಇತಿಹಾಸ ಕಲಿಸುತ್ತಿದ್ದ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಿದ್ಯಾರ್ಥಿಗಳನ್ನು ಹೊಯ್ಸಳೇಶ್ವರ ದೇವಾಲಯಕ್ಕೆ ಕರೆದೊಯ್ದೆ. ಪಕ್ಕದ ಕೆರೆಯ ಏರಿಯ ಮೇಲೆ ಅವರನ್ನು ಒಮ್ಮೆಯೂ ನಡೆಸಲಿಲ್ಲ. ಇದಕ್ಕಾಗಿ ಇಂದು ನನಗೆ ನಿಜವಾಗಿ ಬೇಸರವಿದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೂರದೂರದಿಂದ ಜನ ಬರುತ್ತಿದ್ದಾರೆ. ದೇವಾಲಯದ ಭಿತ್ತಿಯನ್ನಷ್ಟೇ ನೋಡಿ ಅವರು ಬಸ್ಸು ಹತ್ತಿದರೆ, ಪೆಟ್ರಾದಲ್ಲಿ ನಮಗೆ ಮೊದಲ ದಿನ ಆದದ್ದೇ ಅವರಿಗೂ ಆಗುತ್ತದೆ. ಆದ್ದರಿಂದ ಪುರಾತತ್ತ್ವ ಮತ್ತು ಪ್ರವಾಸೋದ್ಯಮ ಇಲಾಖೆಗಳಲ್ಲಿ ನನ್ನ ಮನವಿ ಇಷ್ಟು: ಹೊಯ್ಸಳೇಶ್ವರದಿಂದ ಕೆರೆಯ ಏರಿ, ನಗರೇಶ್ವರದ ಬಳಿ ಅಗೆದು ತೆಗೆದ ಗುಡಿಗಳ ಅಡಿಪಾಯಗಳು, ಹುಲಿಕೆರೆಯ ಕೊಳ ಇವುಗಳನ್ನು ಜೋಡಿಸುವ ಕಾಲ್ನಡಿಗೆಯ ದಾರಿಯೊಂದನ್ನು ಗುರುತಿಸಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತೆಂದು ಕನ್ನಡದಲ್ಲಿ ತಿಳಿಸುವ ಫಲಕಗಳನ್ನು ಹಾಕಿಸಬೇಕು, ಮಾರ್ಗದರ್ಶಕರಿಗೂ ಈ ವಿಷಯದಲ್ಲಿ ತರಬೇತಿ ಕೊಡಬೇಕು. ಫಲಕಗಳ ಬರಹವನ್ನು ಸಿದ್ಧಪಡಿಸಿಕೊಡಲು ನಾನೂ ನನ್ನ ಕೆಲವು ನಿವೃತ್ತ ಸಹೋದ್ಯೋಗಿಗಳೂ ಸಂಭಾವನೆಯಿಲ್ಲದೆ ದುಡಿಯಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಹಾಸನ